ಮಾರಿದ ವಸ್ತುವಿನ ಋಣ

ವಸ್ತುವೊಂದನ್ನು ತಯಾರಿಸಿದವನ ಹೊಣೆ ಅದು ಮಾರಾಟವಾದ ಕ್ಷಣಕ್ಕೆ ಮುಗಿಯುತ್ತದೆಯೇ, ಇಲ್ಲವೇ ಅದು ಇನ್ನೊಬ್ಬರ ಮನೆಯಲ್ಲಿ ಬಳಕೆಯಲ್ಲಿರುವಷ್ಟು ಕಾಲವೂ ಅವನ ಮೇಲೆ ಉಳಿದಿರುತ್ತದೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕಾನೂನಿನದಾಗಿ ಕಂಡರೂ, ಅದರ ಬೇರುಗಳು ಧರ್ಮಶಾಸ್ತ್ರದಲ್ಲಿಯೂ ಜ್ಞಾನದ ಸ್ವರೂಪವನ್ನು ಕುರಿತ ದಾರ್ಶನಿಕ ಚರ್ಚೆಯಲ್ಲಿಯೂ ಇವೆ. ಫ್ರಿಜ್, ಹೀಟರ್, ಕುಕ್ಕರ್‌ಗಳಂಥ ಗೃಹೋಪಯೋಗಿ ಉಪಕರಣದಲ್ಲಿ ಪ್ರಾಣಾಪಾಯ ತರಬಲ್ಲ ದೋಷವಿರುವುದು ಮಾರಾಟದ ನಂತರ ಗೊತ್ತಾದಾಗ, ತಯಾರಕರು ಆ ಮಾದರಿಯನ್ನು ಕೊಂಡವರಿಗೆಲ್ಲ ಸೂಚನೆ ಕೊಟ್ಟು, ಅದನ್ನು ವಾಪಸು ಪಡೆದೋ, ದುರಸ್ತಿ ಮಾಡಿಕೊಟ್ಟೋ, ಹಣ ಹಿಂತಿರುಗಿಸಿಯೋ ಅಪಾಯವನ್ನು ನಿವಾರಿಸುವ ಕ್ರಮಕ್ಕೆ ರೀಕಾಲ್ ಎಂಬ ಹೆಸರಿದೆ. ತಯಾರಿಸುವಾಗ ಯಾರಿಗೂ ಕೆಡುಕು ಮಾಡುವ ಉದ್ದೇಶವಿರಲಿಲ್ಲ, ಮಾರುವಾಗ ಯಾರೂ ಸುಳ್ಳು ಹೇಳಲಿಲ್ಲ; ಆದರೂ ದೋಷ ಬೆಳಕಿಗೆ ಬರುವ ಹೊತ್ತಿಗೆ ವಸ್ತು ತಯಾರಕನು ಹೆಸರು ಕೂಡ ಅರಿಯದ ಸಾವಿರಾರು ಜನರ ಅಡುಗೆಮನೆಗಳಲ್ಲಿ, ಮಲಗುವ ಕೋಣೆಗಳಲ್ಲಿ ಸೇರಿಹೋಗಿರುತ್ತದೆ. ಅರಿಯದೆ ಮಾಡಿದ ತಪ್ಪಿನ ಬಗ್ಗೆ ಅರಿವು ಮೂಡಿದ ಮೇಲೆ ಹುಟ್ಟುವ ಈ ಹೊಣೆ ಎಂಥದು, ಅದು ಯಾವಾಗ ತೀರುತ್ತದೆ ಎಂಬುದು ವಿಚಾರಕ್ಕೆ ಅರ್ಹವಾದ ವಿಷಯ.

ಈ ಪ್ರಶ್ನೆಯನ್ನು ಬಹಳ ತೀವ್ರವಾಗಿ ಎದುರಿಸಬೇಕಾಗಿ ಬಂದ ಪ್ರಸಂಗವೊಂದು ಜಪಾನಿನದು. ಮತ್ಸುಶಿತಾ ಎಲೆಕ್ಟ್ರಿಕ್ ಕಂಪನಿ, 2008ರಲ್ಲಿ ಪ್ಯಾನಸಾನಿಕ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ, 1985ರಿಂದ 1992ರವರೆಗೆ ನ್ಯಾಷನಲ್ ಎಂಬ ಮುದ್ರೆಯಡಿ ಸೀಮೆಎಣ್ಣೆಯಿಂದ ಉರಿಯುವ ಒಂದು ಬಗೆಯ ಹೀಟರುಗಳನ್ನು ತಯಾರಿಸಿತ್ತು. 25 ಮಾದರಿಗಳಲ್ಲಿ ಅವುಗಳ ಒಟ್ಟು ಸಂಖ್ಯೆ 1,52,132. ಫ್ಯಾನಿನ ಬಲದಿಂದ ಹೊರಗಿನ ಗಾಳಿಯನ್ನು ಗೋಡೆಯಲ್ಲಿ ಕೂರಿಸಿದ ಕೊಳವೆಯ ಮೂಲಕ ಎಳೆದುಕೊಂಡು, ಉರಿದ ಹೊಗೆಯನ್ನು ಹೊರಕ್ಕೇ ದಬ್ಬುವ ಈ ಬಗೆಯ ಹೀಟರಿನ ಹಿರಿಮೆಯೇ ಕೋಣೆಯ ಗಾಳಿ ಕೆಡುವುದಿಲ್ಲ ಎಂಬುದಾಗಿತ್ತು. ಅದರ ಒಡಲಿನೊಳಗೆ ಉರಿಗೆ ಹೆಚ್ಚುವರಿ ಗಾಳಿ ಒದಗಿಸಲು ಒಂದು ರಬ್ಬರ್ ಹೋಸ್ ಇತ್ತು. ವರ್ಷಗಟ್ಟಲೆ ಬಳಸಿದ ಮೇಲೆ ಆ ರಬ್ಬರು ಹಳತಾಗಿ ಬಿರುಕು ಬಿಟ್ಟಿತು. ಗಾಳಿ ಸೋರಿ ಉರಿಗೆ ಸಾಲದಾಯಿತು. ದಹನ ಅರೆಬರೆಯಾಗಿ ಹುಟ್ಟಿದ ಕಾರ್ಬನ್ ಮಾನಾಕ್ಸೈಡ್ ಅದೇ ಬಿರುಕಿನ ಮೂಲಕ ಕೋಣೆಗೆ ನುಸುಳಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುವುದರಿಂದ ಮಲಗಿದವರು ಮಲಗಿದಂತೆಯೇ ಸಾಯಬಹುದು.

2005ರ ಜನವರಿಯಲ್ಲಿ ಫುಕುಶಿಮಾ ಪ್ರಾಂತದಲ್ಲಿ ಇಂಥ ಹೀಟರಿನಿಂದ ಒಂದು ಸಾವು ಸಂಭವಿಸಿತು. ಮುಂದಿನ ತಿಂಗಳುಗಳಲ್ಲಿ ನಾಗಾನೋ ಪ್ರಾಂತದಲ್ಲಿ ಮತ್ತೆ ಅವಘಡಗಳಾದವು. ಏಪ್ರಿಲ್ 20ರಂದು ಕಂಪನಿ ರೀಕಾಲ್ ಪ್ರಕಟಿಸಿತು. ಆದರೆ ಚಳಿಗಾಲ ಕಳೆದು ಜನ ಹೀಟರುಗಳನ್ನು ಮರೆತಿದ್ದ ಕಾಲದಲ್ಲಿ ಬಂದ ಪ್ರಕಟಣೆ ಎಷ್ಟೋ ಮನೆಗಳನ್ನು ಮುಟ್ಟಲಿಲ್ಲ. ನವೆಂಬರಿನಲ್ಲಿ ಮತ್ತೆ ಚಳಿ ಬಿದ್ದಾಗ ನಾಗಾನೋದ ಉಎದಾ ನಗರದಲ್ಲಿ ದುರಸ್ತಿಯಾಗದ ಹೀಟರಿನಿಂದ ಒಬ್ಬರು ಸತ್ತರು. ತಿಂಗಳ ಕೊನೆಯಲ್ಲಿ ಸರಕಾರ ತುರ್ತು ಆದೇಶ ಹೊರಡಿಸಿತು. ಏಪ್ರಿಲ್‌ನ ಪ್ರಕಟಣೆಗೂ ನವೆಂಬರ್‌ನ ಸಾವಿಗೂ ನಡುವಿನ ಈ ಏಳು ತಿಂಗಳು ತಾತ್ವಿಕವಾಗಿ ಅತ್ಯಂತ ಮುಖ್ಯವಾದ ಕಾಲ. ಕಂಪನಿ ಸತ್ಯವನ್ನು ಹೇಳಿಯಾಗಿತ್ತು, ಆದರೆ ಸತ್ಯ ತಲುಪಬೇಕಾದವರನ್ನು ತಲುಪಿರಲಿಲ್ಲ.

ಮಾರಾಟಗಾರನ ಹೊಣೆಯನ್ನು ಕುರಿತು ಭಾರತೀಯ ಧರ್ಮಶಾಸ್ತ್ರ ಮೌನವಾಗಿಲ್ಲ. ನ್ಯಾಯಾಲಯದ ಮುಂದೆ ಬರಬಹುದಾದ ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸುವ ಸ್ಮೃತಿಕಾರರು, ಕೊಂಡ ಮೇಲೆ ಅಥವಾ ಮಾರಿದ ಮೇಲೆ ಮನಸ್ಸು ಬದಲಾಯಿಸುವುದನ್ನು ಕ್ರಯವಿಕ್ರಯಾನುಶಯ ಎಂಬ ಪ್ರತ್ಯೇಕ ಬಗೆಯಾಗಿಯೇ ಗಣಿಸಿದ್ದಾರೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಅವಧಿಗಳು ನಿಗದಿಯಾಗಿವೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಹೊರುವ ಪ್ರಾಣಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ದೋಷವಿರುವುದನ್ನು ದೋಷವಿಲ್ಲದ್ದೆಂದು ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವೆಂದೂ ಅದೇ ಸ್ಮೃತಿ ಹೇಳುತ್ತದೆ. ಈ ಸ್ಮೃತಿಗೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು ಶತಮಾನಗಳ ಕಾಲ ದೇಶದ ಬಹುಭಾಗದಲ್ಲಿ ವ್ಯವಹಾರಕ್ಕೆ ಆಧಾರವಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಈ ವ್ಯವಸ್ಥೆಯ ವಿವೇಕ ದೊಡ್ಡದು, ಆದರೆ ಅದು ಊಹಿಸಿಕೊಂಡ ಲೋಕವೇ ಬೇರೆ. ಅಲ್ಲಿ ಕೊಳ್ಳುವವನು ತಾನೇ ನೋಡಿ, ಮುಟ್ಟಿ, ಬಳಸಿ ವಸ್ತುವಿನ ಗುಣದೋಷ ತಿಳಿಯಬಲ್ಲ. ಹಸು ಹಾಲು ಕೊಡುತ್ತದೆಯೋ ಇಲ್ಲವೋ ಎಂಬುದು ಮೂರು ದಿನದಲ್ಲಿ ಗೊತ್ತಾಗುತ್ತದೆ, ಬೀಜ ಮೊಳೆಯುತ್ತದೆಯೋ ಎಂಬುದು ಹತ್ತು ದಿನದಲ್ಲಿ. ಪರೀಕ್ಷೆಯ ಅವಧಿ ಮುಗಿದ ಮೇಲೆ ವಸ್ತುವಿನ ಜೊತೆಗೆ ಅದರ ಹೊಣೆಯೂ ಕೊಂಡವನದಾಗುತ್ತದೆ. ಹದಿನೈದು ವರ್ಷ ಸರಿಯಾಗಿ ಉರಿದು, ಮುಚ್ಚಿದ ಪೆಟ್ಟಿಗೆಯೊಳಗಿನ ರಬ್ಬರು ಬಿರುಕು ಬಿಟ್ಟ ರಾತ್ರಿ ಕೊಲ್ಲುವ ಹೀಟರಿಗೆ ಯಾವ ಅವಧಿಯನ್ನು ನಿಗದಿಪಡಿಸಬಹುದು? ಕೊಂಡವನ ಕಣ್ಣಿಗೆ ಎಂದಿಗೂ ಕಾಣದ ದೋಷದ ಎದುರು ಪರೀಕ್ಷೆ ಎಂಬ ಕಲ್ಪನೆಯೇ ಸೋಲುತ್ತದೆ.

ಸ್ಮೃತಿಗಳು ಬಿಟ್ಟ ಈ ಎಡೆಯನ್ನು ಜೈನ ದರ್ಶನದ ಕರ್ಮವಿಚಾರವು ಅನಿರೀಕ್ಷಿತವಾಗಿ ತುಂಬುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಆತ್ಮದ ಕಡೆಗೆ ಕರ್ಮವು ಹರಿದುಬರುವುದನ್ನು, ಅಂದರೆ ಆಸ್ರವವನ್ನು ವಿವರಿಸುವಾಗ, ಅದರ ಹೆಚ್ಚು ಕಡಿಮೆ ಭಾವದ ತೀವ್ರತೆಯನ್ನು ಮಾತ್ರವಲ್ಲದೆ ಕೆಲಸವನ್ನು ತಿಳಿದು ಮಾಡಿದ್ದೇ ತಿಳಿಯದೆ ಮಾಡಿದ್ದೇ ಎಂಬುದನ್ನೂ, ಅಧಿಕರಣವನ್ನೂ ಅವಲಂಬಿಸುತ್ತದೆ ಎನ್ನುತ್ತದೆ. ಅಧಿಕರಣವೆಂದರೆ ಕರ್ಮಕ್ಕೆ ಆಸರೆಯಾಗುವ ಸಾಧನ. ಅದು ಜೀವವೂ ಆಗಬಹುದು, ನಿರ್ಜೀವ ವಸ್ತುವೂ ಆಗಬಹುದು. ನಿರ್ಜೀವ ಅಧಿಕರಣದ ಭೇದಗಳಲ್ಲಿ ನಿರ್ವರ್ತನೆ, ಅಂದರೆ ವಸ್ತುವನ್ನು ನಿರ್ಮಿಸುವುದೂ, ನಿಕ್ಷೇಪ, ಅಂದರೆ ಅದನ್ನು ಒಂದೆಡೆ ಇರಿಸುವುದೂ ಸೇರಿವೆ. ಕನ್ನಡ ನಾಡಿನೊಡನೆ ಪರಂಪರೆಯು ಗಾಢವಾಗಿ ಬೆಸೆದಿರುವ ಪೂಜ್ಯಪಾದನು ಸರ್ವಾರ್ಥಸಿದ್ಧಿ ಎಂಬ ತನ್ನ ವ್ಯಾಖ್ಯಾನದಲ್ಲಿ ನಿಕ್ಷೇಪವನ್ನು ಮತ್ತೆ ಬಿಡಿಸಿ, ಪರೀಕ್ಷಿಸದೆ ಇರಿಸುವುದು, ಸರಿಯಾಗಿ ಶುಚಿಗೊಳಿಸದೆ ಇರಿಸುವುದು, ಅವಸರದಲ್ಲಿ ಇರಿಸುವುದು, ಗಮನವಿಲ್ಲದೆ ಇರಿಸುವುದು ಎಂದು ನಾಲ್ಕು ಬಗೆ ಮಾಡುತ್ತಾನೆ. ನೆಲದ ಮೇಲೆ ಪಾತ್ರೆಯನ್ನೋ ಗ್ರಂಥವನ್ನೋ ಇಡುವ ಮುನಿ ಅಡಿಯಲ್ಲಿ ಹುಳು ಸಿಕ್ಕದಂತೆ ವಹಿಸಬೇಕಾದ ಎಚ್ಚರವನ್ನು ಕುರಿತ ಮಾತಿದು. ಆದರೆ ಕಾರ್ಖಾನೆಯಿಂದ ಲಕ್ಷಗಟ್ಟಲೆ ವಸ್ತುಗಳನ್ನು ಲೋಕದಲ್ಲಿ ಇರಿಸುವವರಿಗೆ ಇದಕ್ಕಿಂತ ನಿಖರವಾದ ಆತ್ಮಪರೀಕ್ಷೆಯ ಸೂಚಿ ಸಿಗಲಾರದು. ವಸ್ತು ಕೈಬಿಟ್ಟು ಹೋದರೂ ಅದು ಮಾಡಿದವನಿಗೆ ಅಧಿಕರಣವಾಗಿ ಉಳಿಯಬಲ್ಲದು ಎಂಬ ಒಳನೋಟ ಇಲ್ಲಿನ ಸಾರ.

ಇದೇ ಪರಂಪರೆಯಲ್ಲಿ ತಯಾರಕನ ಪರವಾದ ವಾದವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಿಂಸೆಯ ಲಕ್ಷಣವನ್ನು ಜೈನರು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಗುರುತಿಸುತ್ತಾರೆ. ಎಚ್ಚರ ತಪ್ಪಿದವನಿಗೆ ಎದುರಿನ ಜೀವ ಬದುಕಿದರೂ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆದವನಿಗೆ ಜೀವವೊಂದು ಸತ್ತರೂ ಅಷ್ಟರಿಂದಲೇ ಬಂಧವಿಲ್ಲ ಎಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವು. 1985ರ ಎಂಜಿನಿಯರು ಅಂದಿನ ತಿಳಿವಳಿಕೆಯಂತೆ ಒಳ್ಳೆಯ ರಬ್ಬರನ್ನೇ ಆರಿಸಿದ್ದರೆ ಅವನು ಅಪ್ರಮತ್ತ, ಆದ್ದರಿಂದ ನಿರ್ದೋಷಿ ಎನ್ನಬಹುದಲ್ಲವೇ? ಅಷ್ಟು ಮಟ್ಟಿಗೆ ಒಪ್ಪಬಹುದು. ಆದರೆ ಮೊದಲ ಸಾವಿನ ಕಾರಣ ತಿಳಿದ ದಿನವೇ ಅಜ್ಞಾತವಾಗಿದ್ದದ್ದು ಜ್ಞಾತವಾಗುತ್ತದೆ. ಆ ದಿನದಿಂದಾಚೆಗಿನ ಮೌನವಾಗಲಿ, ತಡವಾಗಲಿ, ಪಿಸುಮಾತಿನಂಥ ಪ್ರಕಟಣೆಯಾಗಲಿ ಹಳೆಯ ಕೆಲಸದ ಮುಂದುವರಿಕೆಯಲ್ಲ. ಪ್ರತಿದಿನವೂ ಹೊಸದಾಗಿ ಮಾಡುವ ಕೆಲಸ. ನಿರ್ಮಾಣದ ದೋಷದಿಂದ ಎಂಜಿನಿಯರನನ್ನು ಬಿಡಿಸುವ ತತ್ತ್ವವೇ ಈ ಹೊಸ ಹೊಣೆಗೆ ಸಂಸ್ಥೆಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತದೆ. ಬ್ರಿಟಿಷ್ ದಾರ್ಶನಿಕ ಬರ್ನಾರ್ಡ್ ವಿಲಿಯಮ್ಸ್ 1976ರ ತಮ್ಮ ಪ್ರಬಂಧದಲ್ಲಿ, ತನ್ನ ತಪ್ಪಿಲ್ಲದೆ ಮಗುವೊಂದರ ಮೇಲೆ ಲಾರಿ ಹಾಯಿಸಿದ ಚಾಲಕನ ನೋವು ದಾರಿಹೋಕನ ನೋವಿಗಿಂತ ಬೇರೆಯಾಗಿರುತ್ತದೆ, ಬೇರೆಯಾಗಿರಲೇಬೇಕು ಎಂದು ತೋರಿಸಿದ್ದೂ ಇದೇ ನೆಲೆಯ ಸತ್ಯವನ್ನು. ತಪ್ಪಿಲ್ಲದ ಕಡೆಯೂ ಸಂಬಂಧವಿರುತ್ತದೆ, ಸಂಬಂಧವಿರುವ ಕಡೆ ಕರ್ತವ್ಯ ಹುಟ್ಟುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಿಯೇ ಮುಂದೆ ಹೋಗಬೇಕು. ಇಂಥ ಅವಘಡದ ಸುದ್ದಿ ಕೇಳಿದಾಗ ಹಣೆಬರಹ, ಪ್ರಾರಬ್ಧ ಎಂಬ ಮಾತು ಜನರ ಬಾಯಲ್ಲಿ ಸುಲಭವಾಗಿ ಬರುತ್ತದೆ. ನೊಂದ ಮನೆಯವರು ತಮ್ಮ ಸಮಾಧಾನಕ್ಕೆ ಹಾಗೆ ಹೇಳಿಕೊಂಡರೆ ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅದೇ ಮಾತನ್ನು ದೋಷ ತಿಳಿದವರ ಪರವಾಗಿ ಆಡುವುದು ಕರ್ಮಸಿದ್ಧಾಂತದ ದುರುಪಯೋಗ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ, ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದ ಫಲವೇ ಎಂದು ಕೇಳಿದ ಪರಿವ್ರಾಜಕನಿಗೆ ಬುದ್ಧನು ಪಿತ್ತ, ಕಫ, ವಾತ, ಋತುವಿನ ವ್ಯತ್ಯಾಸ ಮೊದಲಾದ ಬೇರೆ ಕಾರಣಗಳನ್ನು ಎಣಿಸಿ, ಎಲ್ಲವನ್ನೂ ಪೂರ್ವಕರ್ಮಕ್ಕೆ ಹೊರಿಸುವವರು ತಮ್ಮ ಅರಿವಿಗೂ ಲೋಕದ ಅರಿವಿಗೂ ಮೀರಿ ಮಾತಾಡುತ್ತಾರೆ ಎಂದು ತಿಳಿಸುತ್ತಾನೆ. ಸತ್ತವನ ಪೂರ್ವಕರ್ಮ ಏನಿದ್ದರೂ ಇರಲಿ, ಬಿರುಕು ಬಿಟ್ಟ ಹೋಸಿನ ವಿಷಯ ತಿಳಿದೂ ಹೇಳದವನ ಇಂದಿನ ಕರ್ಮ ಅವನದೇ.

ಹೇಳುವುದು ಎಂದರೇನು ಎಂಬುದೇ ಈಗ ಉಳಿಯುವ ಪ್ರಶ್ನೆ, ಮತ್ತು ರೀಕಾಲಿನ ಧಾರ್ಮಿಕ ತಿರುಳು ಇಲ್ಲಿಯೇ ಇದೆ. ಸರಿಯಾದ ತಿಳಿವಳಿಕೆಗೆ ಸಾಧನವಾದದ್ದನ್ನು ದಾರ್ಶನಿಕರು ಪ್ರಮಾಣ ಎನ್ನುತ್ತಾರೆ. ಹೀಟರಿನ ಮುಂದೆ ಕುಳಿತ ವೃದ್ಧೆಗೆ ಪ್ರತ್ಯಕ್ಷ ಪ್ರಮಾಣವಿಲ್ಲ, ಏಕೆಂದರೆ ಹೋಸು ಪೆಟ್ಟಿಗೆಯೊಳಗಿದೆ, ಅನಿಲ ಇಂದ್ರಿಯಗಳಿಗೆ ನಿಲುಕುವುದಿಲ್ಲ. ಅನುಮಾನ ಪ್ರಮಾಣವಂತೂ ಅವಳನ್ನು ದಾರಿ ತಪ್ಪಿಸುತ್ತದೆ: ಇಷ್ಟು ವರ್ಷ ಏನೂ ಆಗಿಲ್ಲ, ಆದ್ದರಿಂದ ಇಂದೂ ಏನೂ ಆಗದು ಎಂದು ಅವಳು ತರ್ಕಿಸುತ್ತಾಳೆ. ನೈಯಾಯಿಕರ ದೃಷ್ಟಿಯಲ್ಲಿ ಈ ತರ್ಕದಲ್ಲಿ ಉಪಾಧಿ, ಅಂದರೆ ಗಮನಕ್ಕೆ ಬಾರದ ಒಂದು ಷರತ್ತು ಅಡಗಿದೆ. ಇಷ್ಟು ವರ್ಷ ಏನೂ ಆಗದಿದ್ದುದು ರಬ್ಬರು ಹೊಸದಾಗಿದ್ದುದರಿಂದ, ಆ ವರ್ಷಗಳು ಕಳೆದಷ್ಟೂ ಅಪಾಯ ಹತ್ತಿರವಾಯಿತೇ ಹೊರತು ದೂರವಾಗಲಿಲ್ಲ. ಹೀಗೆ ಎರಡೂ ದಾರಿಗಳು ಮುಚ್ಚಿದಾಗ ಅವಳ ಜೀವಕ್ಕೆ ಉಳಿಯುವ ಆಧಾರ ಶಬ್ದಪ್ರಮಾಣವೊಂದೇ, ಅಂದರೆ ನಂಬಲರ್ಹನಾದ ಆಪ್ತನ ಮಾತು.

ನ್ಯಾಯಭಾಷ್ಯಕಾರ ವಾತ್ಸ್ಯಾಯನನು ಆಪ್ತನಾಗಲು ಕುಲವನ್ನೋ ದೇಶವನ್ನೋ ಅರ್ಹತೆಯಾಗಿ ಕೇಳುವುದಿಲ್ಲ. ಋಷಿ, ಆರ್ಯ, ಮ್ಲೇಚ್ಛ ಯಾರೇ ಆದರೂ ಲಕ್ಷಣ ಒಂದೇ ಎನ್ನುತ್ತಾನೆ. ವಿಷಯವನ್ನು ಸ್ವತಃ ಕಂಡರಿತಿರಬೇಕು, ಕಂಡದ್ದನ್ನು ಕಂಡಂತೆಯೇ ತಿಳಿಸುವ ಬಯಕೆ ಇರಬೇಕು. ಇನ್ನೊಂದೆಡೆ ಅವನು ಇದಕ್ಕೆ ಭೂತದಯೆಯನ್ನು, ಜೀವಿಗಳ ಮೇಲಿನ ಕರುಣೆಯನ್ನು ಸೇರಿಸುತ್ತಾನೆ. ಉಪಕರಣದ ದೋಷದ ವಿಷಯದಲ್ಲಿ ಕಂಡರಿತವನು ತಯಾರಕನೇ, ಆದರೆ ಆ ಮಾತಿನಿಂದ ನಷ್ಟವಾಗುವುದೂ ಅವನಿಗೇ. ತನ್ನ ಲಾಭ ಮೌನದಲ್ಲಿರುವಾಗ ಮಾತಾಡಬೇಕಾದ ಆಪ್ತನ ಸ್ಥಾನ ಅದು, ಬಹಳ ಕಠಿಣವಾದ ಸ್ಥಾನ.

ಆ ಸ್ಥಾನದಲ್ಲಿ ಮಾತು ಹೇಗೆ ಸೊರಗಬಹುದೆಂಬುದಕ್ಕೆ ಬ್ರಿಟನ್ನಿನ ಬಟ್ಟೆ ಒಣಗಿಸುವ ಯಂತ್ರಗಳ ಪ್ರಕರಣ ಸಾಕ್ಷಿ. ಬಟ್ಟೆಯ ಜುಂಗು ಬಿಸಿಯಾದ ಕಾಯಿಲಿಗೆ ತಗಲಿ ಬೆಂಕಿ ಹೊತ್ತಿಕೊಳ್ಳುವ ದೋಷವಿದೆಯೆಂದು ತಯಾರಕ ಕಂಪನಿ ವರ್ಲ್‌ಪೂಲ್ 2015ರ ನವೆಂಬರಿನಲ್ಲಿ ಪ್ರಕಟಿಸಿತು. ದುರಸ್ತಿಯಾಗುವವರೆಗೆ, ಹತ್ತಿರದಲ್ಲಿದ್ದು ನೋಡಿಕೊಳ್ಳುತ್ತಾ ಯಂತ್ರವನ್ನು ಬಳಸಬಹುದೆಂದೂ ತಿಳಿಸಿತು. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್ ಬಡಾವಣೆಯ ಹದಿನೆಂಟು ಅಂತಸ್ತಿನ ಕಟ್ಟಡವೊಂದರಲ್ಲಿ ಇಂಥ ಯಂತ್ರದಿಂದ ಬೆಂಕಿ ಹತ್ತಿತು. ಪ್ಲಗ್ ಕಿತ್ತಿಡಿ, ಬಳಸಲೇಬೇಡಿ ಎಂಬ ಸೂಚನೆ ಬಂದದ್ದು 2017ರಲ್ಲಿ, ಪೂರ್ಣ ರೀಕಾಲ್ 2019ರಲ್ಲಿ. ಅಪಾಯವಿದೆ, ಆದರೂ ಬಳಸಬಹುದು ಎಂಬ ವಾಕ್ಯದಲ್ಲಿ ಸುಳ್ಳೇನೂ ಇಲ್ಲದಿರಬಹುದು, ಆದರೆ ಅದರ ಎರಡನೆಯ ಅರ್ಧ ಮೊದಲನೆಯ ಅರ್ಧದ ಬಲವನ್ನು ಹೀರಿಬಿಡುತ್ತದೆ. ವಿಧಿವಾಕ್ಯವೆಂದರೆ ಕೇಳಿದವನು ತಾನು ಇದನ್ನು ಮಾಡಬೇಕಾಗಿದೆ ಎಂದು ಅರಿತು ಎದ್ದು ನಿಲ್ಲುವಂತೆ ಮಾಡುವ ವಾಕ್ಯ ಎಂಬ ಮೀಮಾಂಸಕರ ವಿವರಣೆಯ ಅಳತೆಯಲ್ಲಿ ಇಂಥ ಸೂಚನೆ ವಿಧಿಯೇ ಆಗುವುದಿಲ್ಲ.

ಮತ್ಸುಶಿತಾ ಕಂಪನಿ ನವೆಂಬರಿನ ಸಾವಿನ ನಂತರ ಈ ಸತ್ಯವನ್ನು ಅರಿತಂತೆ ತೋರುತ್ತದೆ. ಆದರೆ ಆ ಅರಿವು ಕಾರ್ಯರೂಪಕ್ಕೆ ಬರುವ ಮೊದಲು ಇನ್ನೊಂದು ಆಘಾತ ಕಾದಿತ್ತು: ಡಿಸೆಂಬರ್ 2ರಂದು ಯಾಮಗಾತಾ ಪ್ರಾಂತದಲ್ಲಿ, ರಬ್ಬರಿನ ಬದಲು ತಾಮ್ರದ ಹೋಸ್ ಹಾಕಿ ದುರಸ್ತಿ ಮಾಡಿದ್ದ ಹೀಟರಿನಲ್ಲಿಯೇ ಹೋಸು ಕಳಚಿಕೊಂಡು ಒಬ್ಬರು ಪ್ರಜ್ಞೆ ತಪ್ಪುವಷ್ಟು ಅಸ್ವಸ್ಥರಾದರು. ಪ್ರಾಯಶ್ಚಿತ್ತವೇ ಹೊಸ ದೋಷವನ್ನು ಹುಟ್ಟಿಸಿದ ಪ್ರಸಂಗವಿದು. ಅರಿಯದೆ ಮಾಡಿದ ಪಾಪ ಪ್ರಾಯಶ್ಚಿತ್ತದಿಂದ ಕಳೆಯುತ್ತದೆ ಎಂದು ಯಾಜ್ಞವಲ್ಕ್ಯ ಹೇಳುವುದು ನಿಜ, ಆದರೆ ವಿಧಿಯಂತೆ ನಡೆಯದ ಪ್ರಾಯಶ್ಚಿತ್ತ ಪ್ರಾಯಶ್ಚಿತ್ತವಲ್ಲ. ಕೆಲಸ ಮುಗಿಯಿತೆಂದು ಗುರುತು ಹಾಕಿದ ಮನೆಗಳನ್ನೂ ಮತ್ತೆ ತಟ್ಟಬೇಕಾಗುತ್ತದೆ. ಡಿಸೆಂಬರ್ 10ರಿಂದ 19ರವರೆಗೆ, ವರ್ಷಾಂತ್ಯದ ಮಾರಾಟ ಭರದಲ್ಲಿರುವ ದಿನಗಳಲ್ಲಿ, ಕಂಪನಿ ತನ್ನ ಟಿ.ವಿ. ಜಾಹೀರಾತುಗಳನ್ನೆಲ್ಲ ಹಿಂತೆಗೆದು ಆ ಸಮಯವನ್ನು ಹೀಟರಿನ ಎಚ್ಚರಿಕೆಗೆ ಬಿಟ್ಟುಕೊಟ್ಟಿತು. ಹೀಟರನ್ನು ತಂದೊಪ್ಪಿಸಿದವರಿಗೆ 50,000 ಯೆನ್ ಕೊಡುವುದಾಗಿ ಘೋಷಿಸಿತು. 2006ರ ಫೆಬ್ರುವರಿಯಲ್ಲಿ ದೇಶದ ಎಲ್ಲ ಮನೆಗಳಿಗೆ, ಸುಮಾರು ಆರು ಕೋಟಿ ವಿಳಾಸಗಳಿಗೆ, ಅಂಚೆ ಕಾರ್ಡು ಕಳಿಸಿತು. ಒಂದೂವರೆ ಲಕ್ಷ ಹೀಟರುಗಳಿಗಾಗಿ ಆರು ಕೋಟಿ ಕಾರ್ಡುಗಳು! ವ್ಯಾಪಾರದ ಲೆಕ್ಕದಲ್ಲಿ ಇದಕ್ಕೆ ಅರ್ಥ ಹುಡುಕುವುದು ಕಷ್ಟ. ಸಾವುಗಳ ನಂತರ, ಸರಕಾರದ ಆದೇಶದ ನಂತರ ಬಂದ ಎಚ್ಚರವಿದು ಎಂಬುದನ್ನು ಮರೆಯದೆಯೂ, ಮಾತು ಆಡಿದರೆ ಸಾಲದು, ಅದು ಮುಟ್ಟಬೇಕು ಎಂಬ ಒಪ್ಪಿಗೆ ಈ ಕಾರ್ಡುಗಳಲ್ಲಿ ಇದೆಯೆಂದು ಹೇಳಲೇಬೇಕು.

ಈ ಸಂಸ್ಥೆಯ ಸ್ಥಾಪಕ ಕೊನೊಸುಕೆ ಮತ್ಸುಶಿತಾ 1932ರಲ್ಲಿ ನಾರಾ ಪ್ರಾಂತದ ತೆನ್ರಿಕ್ಯೋ ಪಂಥದ ಕೇಂದ್ರಕ್ಕೆ ಹೋಗಿ, ಅಲ್ಲಿನ ಭಕ್ತರು ಸಂಬಳವಿಲ್ಲದೆ ಸಂತೋಷದಿಂದ ದುಡಿಯುವುದನ್ನು ಕಂಡು, ಉದ್ಯಮಕ್ಕೂ ಅಂಥ ಪವಿತ್ರ ಉದ್ದೇಶವಿರಬೇಕೆಂದು ಯೋಚಿಸತೊಡಗಿದರು. ಅದೇ ವರ್ಷದ ಮೇ 5ರಂದು ನೌಕರರ ಮುಂದೆ ಅವರು ಮಂಡಿಸಿದ ವಿಚಾರದ ತಿರುಳು ಇದು: ದಾರಿಹೋಕನೊಬ್ಬ ಬೀದಿಯ ನಲ್ಲಿಯಿಂದ ನೀರು ಕುಡಿದರೆ ಯಾರೂ ಅವನನ್ನು ಕಳ್ಳನೆನ್ನುವುದಿಲ್ಲ, ಏಕೆಂದರೆ ನೀರು ಅಷ್ಟು ಹೇರಳ, ಬದುಕಿಗೆ ಬೇಕಾದ ವಸ್ತುಗಳನ್ನೂ ಹಾಗೆಯೇ ಹೇರಳವಾಗಿ, ಅಗ್ಗವಾಗಿ ಮಾಡಿ ಬಡತನವನ್ನು ತೊಡೆಯುವುದೇ ತಯಾರಕನ ಧರ್ಮ. ಉದಾತ್ತವಾದ ಈ ಕಲ್ಪನೆಯೊಳಗೇ ಅದರ ಕಷ್ಟವೂ ಇದೆ. ನಲ್ಲಿಯಲ್ಲಿ ಹರಿದುಹೋದ ನೀರನ್ನು ಯಾರು ಕುಡಿದರೆಂದು ಯಾರಿಗೂ ತಿಳಿಯದು. ಹೇರಳತೆ ಕೊಳ್ಳುವವನ ಮುಖವನ್ನು ಅಳಿಸುತ್ತದೆ. ದೋಷ ಕಂಡಾಗ ಆ ಮುಖವನ್ನು ಒಂದೊಂದಾಗಿ ಮತ್ತೆ ಹುಡುಕಬೇಕಾಗುತ್ತದೆ.

ಮುಖ ಕಾಣದಿರುವ ಈ ತೊಡಕು ಭಾರತದಲ್ಲಿ ಇನ್ನೂ ಆಳವಾದುದು. ಇಲ್ಲಿ ಹೊಸ ಫ್ರಿಜ್ ಬಂದಾಗ ಹಳೆಯದು ಊರಿನ ಮನೆಗೋ, ಮನೆಗೆಲಸದವರ ಮನೆಗೋ, ಸೆಕೆಂಡ್‌ಹ್ಯಾಂಡ್ ಅಂಗಡಿಗೋ ಹೋಗುತ್ತದೆ; ವಾರಂಟಿ ಕಾರ್ಡಿನ ಖಾಲಿ ಜಾಗಗಳನ್ನು ತುಂಬಿ ಕಳಿಸಿದವರು ಅಪರೂಪ; ಮಾದರಿಯ ಸಂಖ್ಯೆ ಹಿಂಬದಿಯ ಸ್ಟಿಕ್ಕರಿನಲ್ಲಿ ಎಣ್ಣೆಜಿಡ್ಡಿನ ಅಡಿಯಲ್ಲಿ ಮಸುಕಾಗಿರುತ್ತದೆ. ಸೂಚನೆಯ ಕಾಗದ ಮೊದಲ ಬಿಲ್ಲಿನ ವಿಳಾಸಕ್ಕೆ ಬರುತ್ತದೆ, ಅಪಾಯ ಕೊನೆಯ ಮನೆಯಲ್ಲಿರುತ್ತದೆ, ಮತ್ತು ಆ ಕೊನೆಯ ಮನೆ ಬಹುತೇಕ ಬಡವರದಾಗಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನದ ದೋಷಕ್ಕೆ ತಯಾರಕರನ್ನೂ ಮಾರಾಟಗಾರರನ್ನೂ ಹೊಣೆ ಮಾಡಿದೆ. 2020ರಲ್ಲಿ ಸ್ಥಾಪನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಪಾಯಕಾರಿ ವಸ್ತುಗಳನ್ನು ವಾಪಸು ತರಿಸುವ ಅಧಿಕಾರವಿದೆ. 2022ರಲ್ಲಿ ಅದು ನಿಗದಿತ ಗುಣಮಟ್ಟವಿಲ್ಲದ ಪ್ರೆಶರ್ ಕುಕ್ಕರ್‌ಗಳನ್ನು ಕೊಂಡವರಿಗೆ ವಿಷಯ ತಿಳಿಸಿ ಹಣ ಮರಳಿಸಬೇಕೆಂದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶಿಸಿತು. ಆದರೆ ಕಾಯ್ದೆ ಕಾಣುವುದು ಕೊಂಡವನನ್ನು. ಕೈಯಿಂದ ಕೈಗೆ ಹೋದ ಕುಕ್ಕರಿನ ಮುಂದೆ ಇಂದು ನಿಂತಿರುವವಳನ್ನು ಕಾಣಲು ಕಾಯ್ದೆಗಿಂತ ಹೆಚ್ಚಿನದು ಬೇಕು.

ಆದ್ದರಿಂದಲೇ ಕೇಳುಗನ ಧರ್ಮವನ್ನೂ ಇಲ್ಲಿ ಸೇರಿಸಬೇಕು. ಸೂಚನೆಯನ್ನು ಓದಿ, ತನ್ನ ಮನೆಯ ಯಂತ್ರದ ಸಂಖ್ಯೆಯನ್ನು ಹೋಲಿಸಿ ನೋಡದೆ ಕಾಗದವನ್ನು ಬದಿಗಿಟ್ಟವನು ಆ ಕ್ಷಣದಿಂದ ತಿಳಿದವನೇ ಆಗುತ್ತಾನೆ. ದೋಷವಿರುವುದನ್ನು ಅರಿತೂ ಯಂತ್ರವನ್ನು ಇನ್ನೊಬ್ಬರಿಗೆ ದಾನ ಕೊಡುವುದು ದಾನವಲ್ಲ; ವಿಷ, ಆಯುಧ, ಬೆಂಕಿಯಂಥ ಹಿಂಸೆಯ ಸಾಧನಗಳನ್ನು ಪರರ ಕೈಗೆ ಕೊಡುವುದನ್ನು ಜೈನ ಶ್ರಾವಕಾಚಾರವು ಹಿಂಸಾದಾನವೆಂದು ಕರೆದು ಗೃಹಸ್ಥನಿಗೆ ನಿಷೇಧಿಸುತ್ತದೆ. ಯಾರಿಗೆ ಕೊಟ್ಟಿದ್ದೇವೆಂದು ನೆನಪಿದ್ದರೆ ಅವರಿಗೆ ಸುದ್ದಿ ಮುಟ್ಟಿಸುವ ಹೊಣೆ ಕೊಟ್ಟವನ ಮೇಲಿದೆ, ಏಕೆಂದರೆ ತಯಾರಕನ ಮಾತು ಅಲ್ಲಿಗೆ ತಲುಪಲು ಬೇರೆ ದಾರಿಯೇ ಇಲ್ಲ.

ಈ ಋಣ ಯಾವಾಗ ತೀರುತ್ತದೆ? ಜಪಾನಿನ ಆ ಹೀಟರುಗಳ ಹುಡುಕಾಟ ಮೊದಲ ಪ್ರಕಟಣೆಯ ನಂತರ ಹದಿನೈದು ವರ್ಷ ಕಳೆದರೂ ನಿಂತಿರಲಿಲ್ಲ. ಉಳಿದವು ಗುಜರಿಗೆ ಹೋಗಿರಬಹುದು, ಯಾವುದೋ ಬೆಟ್ಟದ ವಸತಿಗೃಹದ ಮೂಲೆಯಲ್ಲಿ ಇನ್ನೂ ಇರಬಹುದು. ಎರಡರಲ್ಲಿ ಯಾವುದೆಂದು ಖಚಿತಪಡಿಸುವ ಉಪಾಯವಿಲ್ಲ. ಶತಪಥ ಬ್ರಾಹ್ಮಣವು ಮನುಷ್ಯನು ಹುಟ್ಟುತ್ತಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಮಾತ್ರವಲ್ಲದೆ ಮನುಷ್ಯರಿಗೂ ಋಣಿಯೆಂದು ಹೇಳಿ, ಈ ನಾಲ್ಕನೆಯ ಋಣವನ್ನು ಬಂದವರಿಗೆ ಆಶ್ರಯವನ್ನೂ ಅನ್ನವನ್ನೂ ಕೊಟ್ಟು ತೀರಿಸಬೇಕೆನ್ನುತ್ತದೆ. ಬರುವ ಅತಿಥಿ ಯಾರೆಂದು ಮೊದಲೇ ತಿಳಿದಿರುವುದಿಲ್ಲ, ಬಂದವರ ಸಂಖ್ಯೆ ಇಷ್ಟೇ ಎಂಬ ಮಿತಿಯೂ ಇಲ್ಲ. ಆದ್ದರಿಂದ ಆ ಋಣಕ್ಕೆ ಪಾವತಿಯಾಯಿತೆಂಬ ರಸೀದಿ ಸಿಗುವುದಿಲ್ಲ. ಕಾಣೆಯಾದ ಹೀಟರುಗಳ ಋಣವೂ ಈ ಬಗೆಯದೇ. ಸಾಲಗಾರನಿಗೆ ಸಾಲ ಕೊಟ್ಟವನ ಹೆಸರು ಗೊತ್ತಿಲ್ಲದಿದ್ದರೆ ಅವನು ಮಾಡಬಹುದಾದದ್ದು ಬಾಗಿಲು ತೆರೆದಿಟ್ಟು, ಹುಡುಕುವುದನ್ನು ನಿಲ್ಲಿಸದಿರುವುದು. 2009ರಲ್ಲಿ ಜಪಾನಿನ ಕಾನೂನು ಇಂಥ ಹೀಟರೂ ಸೇರಿದಂತೆ ಕೆಲವು ಬಗೆಯ ಉಪಕರಣಗಳಿಗೆ ಕೊಂಡವರ ಹೆಸರು ನೋಂದಾಯಿಸಿಕೊಂಡು, ವರ್ಷಗಳ ನಂತರ ತಪಾಸಣೆಯ ಕಾಲ ಬಂದಿದೆಯೆಂದು ತಯಾರಕರೇ ಅವರಿಗೆ ತಿಳಿಸಬೇಕೆಂಬ ವ್ಯವಸ್ಥೆ ತಂದಿತು. ಅಪಾಯ ತೋರುವ ಮೊದಲೇ, ವಸ್ತು ಕೈಬಿಡುವ ದಿನವೇ, ಅದು ಹೋಗಿ ಸೇರುವ ಮನೆಯನ್ನು ಬರೆದಿಟ್ಟುಕೊಳ್ಳುವ ಈ ಕ್ರಮವನ್ನು ಭಾರತದ ತಯಾರಕರೂ ವ್ಯಾಪಾರಿಗಳೂ ಇಂದೇ ಆರಂಭಿಸಲು ಯಾವ ಹೊಸ ಕಾಯ್ದೆಯೂ ಬೇಕಾಗಿಲ್ಲ.